ಟೇಬಲ್ ರಚನೆ ಮೈಎಸ್‌ಕ್ಯೂಎಲ್‌ನಿಂದ ಪೋಸ್ಟ್‌ಗ್ರೆಸ್‌ಗೆ: ಫೈಲ್‌ನಲ್ಲಿ ಕಾಣದ ಅರ್ಧ ಕೆಲಸ

ಡೇಟಾ ಸದ್ಯಕ್ಕೆ ಬೇಡ, ಟೇಬಲ್‌ಗಳ ರಚನೆ ಮಾತ್ರ ಬೇಕು. ಅದನ್ನು ಬೇರೆ ಡೇಟಾಬೇಸ್‌ನಲ್ಲಿ ಕೂರಿಸಬೇಕು. ಕೇಳುವುದಕ್ಕೆ ಸಣ್ಣ ಕೆಲಸ. ಯಾವ ಟೇಬಲ್, ಅದರಲ್ಲಿ ಯಾವ ಕಾಲಂ, ಯಾವುದು ಪ್ರೈಮರಿ ಕೀ (ಪ್ರತಿ ಸಾಲನ್ನು ಗುರುತಿಸುವ ಕಾಲಂ), ಯಾವುದರ ಮೇಲೆ ಇಂಡೆಕ್ಸ್ (ಬೇಗ ಹುಡುಕಲು ಇಟ್ಟ ಸೂಚಿ), ಇಷ್ಟೇ ಅಲ್ವಾ?

ರಚನೆಯನ್ನು ಹೊರಗೆ ತೆಗೆಯಲು ಒಂದೇ ಕಮಾಂಡ್ ಸಾಕು. ಆದರೆ ಆ ಫೈಲನ್ನು ಹೊಸ ಡೇಟಾಬೇಸ್‌ನಲ್ಲಿ ಓಡಿಸಿದರೆ ಎರರ್‌ಗಳ ಸಾಲೇ ಬರುತ್ತದೆ. ಅವನ್ನು ಒಂದೊಂದಾಗಿ ಸರಿ ಮಾಡಿ, ಕೊನೆಗೆ ಎಲ್ಲ ಟೇಬಲ್ ತಯಾರಾದಾಗ ಕೆಲಸ ಮುಗಿಯಿತು ಅನ್ನಿಸುತ್ತದೆ. ಮುಗಿದಿರುವುದಿಲ್ಲ. ಎರರ್ ಕೊಡುವ ತೊಂದರೆಗಳು ಸುಲಭದವು, ಯಾಕೆಂದರೆ ಅವು ಕಣ್ಣಿಗೆ ಬೀಳುತ್ತವೆ. ಹಳೆಯ ಡೇಟಾಬೇಸ್ ನಮಗೆ ಹೇಳದೆ ತಾನೇ ಮಾಡಿಕೊಂಡು ಬರುತ್ತಿದ್ದ ಕೆಲಸಗಳು ಫೈಲ್‌ನಲ್ಲಿ ಎಲ್ಲೂ ಬರೆದಿರುವುದಿಲ್ಲ. ಅವು ಬಿಟ್ಟುಹೋದರೆ ಎರರ್ ಬರುವುದಿಲ್ಲ, ತಿಂಗಳುಗಳ ನಂತರ ತಪ್ಪು ಉತ್ತರ ಬರುತ್ತದೆ. ಈ ಲೇಖನ ಮುಖ್ಯವಾಗಿ ಆ ಎರಡನೇ ಬಗೆಯ ತೊಂದರೆಗಳ ಬಗ್ಗೆ. ಉದಾಹರಣೆಗೆ ಜಾಸ್ತಿ ಜನ ಮಾಡುವ ಪ್ರಯಾಣವನ್ನೇ ತೆಗೆದುಕೊಳ್ಳುತ್ತೇನೆ: ಮೈಎಸ್‌ಕ್ಯೂಎಲ್‌ನಿಂದ ಪೋಸ್ಟ್‌ಗ್ರೆಸ್‌ಕ್ಯೂಎಲ್‌ಗೆ. ಎರಡನೆಯದನ್ನು ಎಲ್ಲರೂ ಕರೆಯುವ ಹಾಗೆ ಪೋಸ್ಟ್‌ಗ್ರೆಸ್ ಅಂತಲೇ ಕರೆಯೋಣ.

ಎರಡೂ ಎಸ್‌ಕ್ಯೂಎಲ್ ಅನ್ನುವ ಡೇಟಾಬೇಸ್ ಭಾಷೆಯನ್ನೇ ಮಾತಾಡುತ್ತವೆ, ಮತ್ತೆ ಯಾಕೆ ಹೊಂದುವುದಿಲ್ಲ? ಎಸ್‌ಕ್ಯೂಎಲ್‌ಗೆ ಮೊದಲ ಮಾನದಂಡ ಬಂದದ್ದು 1986ರಲ್ಲಿ. ಅಷ್ಟರಲ್ಲಿ ಒರಾಕಲ್, ಡಿಬಿ2 ಆಗಲೇ ಮಾರುಕಟ್ಟೆಯಲ್ಲಿದ್ದವು. ಆಮೇಲೆ ಬಂದವರೂ ತಮ್ಮ ತಮ್ಮ ಅನುಕೂಲಕ್ಕೆ ತಕ್ಕ ಹಾಗೆ ಸೇರಿಸುತ್ತಾ ಹೋದರು. ಟೇಬಲ್ ರಚನೆಯ ವಿಷಯದಲ್ಲಿ ಮಾನದಂಡ ಅನೇಕ ಕಡೆ ಸುಮ್ಮನಿದೆ. ಇಂಡೆಕ್ಸ್ ಅನ್ನುವುದು ಎಸ್‌ಕ್ಯೂಎಲ್ ಮಾನದಂಡದಲ್ಲಿ ಇಲ್ಲವೇ ಇಲ್ಲ. ತಾನಾಗಿ ಏರುವ ನಂಬರ್‌ಗೆ ಮಾನದಂಡದಲ್ಲಿ ಜಾಗ ಸಿಕ್ಕಿದ್ದು 2003ರಲ್ಲಿ. ಅಷ್ಟು ಹೊತ್ತಿಗೆ ಪ್ರತಿಯೊಬ್ಬರೂ ತಮ್ಮದೇ ದಾರಿ ಮಾಡಿಕೊಂಡಾಗಿತ್ತು.

ಫೈಲ್ ತೆಗೆಯುವುದು

ಮೈಎಸ್‌ಕ್ಯೂಎಲ್ ಜೊತೆಗೇ ಬರುವ ‘ಮೈಎಸ್‌ಕ್ಯೂಎಲ್‌ಡಂಪ್’ ಕಮಾಂಡ್‌ಗೆ ‘ನೋ-ಡೇಟಾ’ ಆಯ್ಕೆ ಕೊಟ್ಟರೆ ಸಾಲುಗಳನ್ನು ಬಿಟ್ಟು ರಚನೆ ಮಾತ್ರ ಸಿಗುತ್ತದೆ. ಒಂದೇ ಟೇಬಲ್ ನೋಡಬೇಕಾದರೆ ‘ಶೋ ಕ್ರಿಯೇಟ್ ಟೇಬಲ್’ ಸಾಕು. ಸಾಲು ಸೇರಿಸಿದಾಗ, ತಿದ್ದಿದಾಗ ತಾವಾಗಿ ಓಡುವ ಟ್ರಿಗರ್‌ಗಳು ಈ ಫೈಲ್‌ನಲ್ಲಿ, ಅಂದರೆ ಡಂಪ್‌ನಲ್ಲಿ, ಕೇಳದೆಯೇ ಬರುತ್ತವೆ. ಡೇಟಾಬೇಸ್ ಒಳಗೇ ಬರೆದಿಟ್ಟ ಸಣ್ಣ ಪ್ರೋಗ್ರಾಂಗಳು, ಅಂದರೆ ಸ್ಟೋರ್ಡ್ ಪ್ರೊಸೀಜರ್, ಫಂಕ್ಷನ್ ಬೇಕಿದ್ದರೆ ‘ರೂಟೀನ್ಸ್’ ಅಂತ ಬೇರೆ ಕೇಳಬೇಕು. ಹೊತ್ತು ನೋಡಿ ಓಡುವ ಇವೆಂಟ್‌ಗಳಿಗೆ ‘ಇವೆಂಟ್ಸ್’ ಅಂತ ಕೇಳಬೇಕು. ಎಷ್ಟೋ ಜನ ಇದನ್ನು ಬಿಟ್ಟುಬಿಡುತ್ತಾರೆ. ರಾತ್ರಿ ಹನ್ನೆರಡಕ್ಕೆ ತಾನಾಗಿ ನಡೆಯುತ್ತಿದ್ದ ಲೆಕ್ಕ ಹೊಸ ಕಡೆ ನಡೆಯುತ್ತಿಲ್ಲ ಅಂತ ಗೊತ್ತಾಗುವುದು ತಡವಾಗಿ.

ಇನ್ನೊಂದು ಎಚ್ಚರಿಕೆ. ಈ ಫೈಲ್‌ನಲ್ಲಿ ಪ್ರತಿ ಟೇಬಲ್‌ನ ಮೊದಲು ‘ಈ ಹೆಸರಿನ ಟೇಬಲ್ ಇದ್ದರೆ ಅಳಿಸು’ ಅನ್ನುವ ಆದೇಶ ಇರುತ್ತದೆ. ಡೇಟಾ ಇರುವ ಡೇಟಾಬೇಸ್ ಮೇಲೆ ಅಪ್ಪಿತಪ್ಪಿ ಓಡಿಸಿದರೆ ಖಾಲಿ ಟೇಬಲ್‌ಗಳು ಉಳಿಯುತ್ತವೆ. ‘ಸ್ಕಿಪ್-ಆಡ್-ಡ್ರಾಪ್-ಟೇಬಲ್’ ಆಯ್ಕೆ ಕೊಟ್ಟು ಅದನ್ನು ಮೊದಲೇ ತೆಗೆಸುವುದು ಒಳ್ಳೆಯದು.

ಹಳೆಯ ಲೇಖನಗಳಲ್ಲಿ ‘ಕಂಪ್ಯಾಟಿಬಲ್’ ಆಯ್ಕೆಗೆ ಪೋಸ್ಟ್‌ಗ್ರೆಸ್ ಹೆಸರು ಕೊಡಿ ಅನ್ನುವ ಸಲಹೆ ಸಿಗುತ್ತದೆ. ಮೈಎಸ್‌ಕ್ಯೂಎಲ್ 8ರಲ್ಲಿ ಆ ಹೆಸರು ನಡೆಯುವುದಿಲ್ಲ, ‘ಆನ್ಸಿ’ ಒಂದೇ ಉಳಿದಿದೆ. ಹಳೆಯ ಆವೃತ್ತಿಗಳಲ್ಲೂ ಅದು ಉದ್ಧರಣ ಚಿಹ್ನೆಯಂಥ ಮೇಲುಮೇಲಿನ ವಿಷಯ ಬದಲಿಸುತ್ತಿತ್ತೇ ಹೊರತು ಡೇಟಾ ಟೈಪ್‌ಗಳನ್ನು ಮುಟ್ಟುತ್ತಿರಲಿಲ್ಲ.

ಎರರ್ ಕೊಡುವ ತೊಂದರೆಗಳು

ಒಂದು ಹಾಲಿನ ಸೊಸೈಟಿಯ ಲೆಕ್ಕದ ಡೇಟಾಬೇಸ್ ಅಂದುಕೊಳ್ಳಿ. ಒಂದು ಟೇಬಲ್‌ನಲ್ಲಿ ಸದಸ್ಯರು: ನಂಬರ್, ಹೆಸರು, ಇಮೇಲ್, ಈಗ ಹಾಲು ಹಾಕುತ್ತಿದ್ದಾರೋ ಇಲ್ಲವೋ. ಇನ್ನೊಂದರಲ್ಲಿ ದಿನದ ಹಾಲು: ಯಾವ ಸದಸ್ಯರು, ಯಾವ ದಿನ, ಬೆಳಿಗ್ಗೆಯೋ ಸಂಜೆಯೋ, ಎಷ್ಟು ಲೀಟರ್, ಫ್ಯಾಟ್ ಎಷ್ಟು, ಲೀಟರಿಗೆ ಎಷ್ಟು ರೂಪಾಯಿ, ಈ ಸಾಲನ್ನು ಕೊನೆಗೆ ಯಾವಾಗ ತಿದ್ದಲಾಯಿತು. ಎರಡೇ ಟೇಬಲ್. ಆದರೂ ಬರಬಹುದಾದ ತೊಂದರೆಗಳಲ್ಲಿ ಮುಕ್ಕಾಲು ಪಾಲು ಇಲ್ಲೇ ಇವೆ.

ಮೊದಲು ಚಿಲ್ಲರೆ ವಿಷಯಗಳು. ಮೈಎಸ್‌ಕ್ಯೂಎಲ್ ಹೆಸರುಗಳನ್ನು ಬ್ಯಾಕ್‌ಟಿಕ್ (`) ಒಳಗೆ ಇಡುತ್ತದೆ, ಪೋಸ್ಟ್‌ಗ್ರೆಸ್‌ಗೆ ಅದು ಅರ್ಥವಾಗುವುದಿಲ್ಲ. ಟೇಬಲ್‌ನ ಕೊನೆಯಲ್ಲಿ ಬರುವ ಎಂಜಿನ್, ಕ್ಯಾರೆಕ್ಟರ್ ಸೆಟ್, ಆಟೊ ಇನ್‌ಕ್ರಿಮೆಂಟ್ (ತಾನಾಗಿ ಏರುವ ನಂಬರ್) ಸಂಖ್ಯೆ ಎಲ್ಲ ತೆಗೆಯಬೇಕು. ಕಾಲಂ ಪಕ್ಕದ ಕಾಮೆಂಟ್ ಪೋಸ್ಟ್‌ಗ್ರೆಸ್‌ನಲ್ಲಿ ಬೇರೆ ಆದೇಶವಾಗಿ ಬರಬೇಕು. ಇವನ್ನು ಯಾವ ಟೂಲ್ ಬೇಕಾದರೂ ಮಾಡುತ್ತದೆ.

ಬ್ಯಾಕ್‌ಟಿಕ್ ತೆಗೆದು ಅದೇ ಜಾಗಕ್ಕೆ ಡಬಲ್ ಕೋಟ್ ಹಾಕುವಾಗ ಸ್ವಲ್ಪ ನಿಲ್ಲಿ. ಕೋಟ್ ಇಲ್ಲದ ಹೆಸರನ್ನು ಪೋಸ್ಟ್‌ಗ್ರೆಸ್ ಪೂರ್ತಿ ಸಣ್ಣಕ್ಷರಕ್ಕೆ ಇಳಿಸುತ್ತದೆ. ಕೋಟ್ ಒಳಗಿದ್ದರೆ ದೊಡ್ಡಕ್ಷರ ಸಣ್ಣಕ್ಷರ ಇದ್ದ ಹಾಗೇ ಇಟ್ಟುಕೊಳ್ಳುತ್ತದೆ. ಹಳೆಯ ಟೇಬಲ್ ಹೆಸರಲ್ಲಿ ಒಂದು ದೊಡ್ಡಕ್ಷರ ಇದ್ದು, ಅದನ್ನು ಕೋಟ್ ಒಳಗೆ ಹಾಗೇ ಒಯ್ದರೆ, ಇನ್ನು ಮುಂದೆ ಪ್ರತಿ ಕ್ವೆರಿಯಲ್ಲೂ ಕೋಟ್ ಹಾಕಲೇಬೇಕು. ನನ್ನ ಮಾತು ಕೇಳುವುದಾದರೆ, ಎಲ್ಲ ಹೆಸರುಗಳನ್ನೂ ಸಣ್ಣಕ್ಷರಕ್ಕೆ ಬದಲಿಸಿ ಕೋಟ್ ತೆಗೆದುಬಿಡಿ. ‘ಆರ್ಡರ್’, ‘ಯೂಸರ್’ ಥರದ ಕಾಯ್ದಿಟ್ಟ ಪದಗಳು ಹೆಸರಾಗಿದ್ದರೆ ಈ ಸಂದರ್ಭದಲ್ಲೇ ಹೊಸ ಹೆಸರು ಕೊಡಿ. ‘ಯೂಸರ್’ ಮೈಎಸ್‌ಕ್ಯೂಎಲ್‌ನಲ್ಲಿ ನಡೆಯುತ್ತದೆ, ಪೋಸ್ಟ್‌ಗ್ರೆಸ್‌ನಲ್ಲಿ ನಡೆಯುವುದಿಲ್ಲ.

ಇಂಡೆಕ್ಸ್ ಹೆಸರುಗಳೂ ಡಿಕ್ಕಿ ಹೊಡೆಯುತ್ತವೆ. ಮೈಎಸ್‌ಕ್ಯೂಎಲ್‌ನಲ್ಲಿ ಒಂದು ಇಂಡೆಕ್ಸ್ ಹೆಸರು ಆ ಟೇಬಲ್‌ನ ಮಟ್ಟಿಗೆ ಬೇರೆ ಇದ್ದರೆ ಸಾಕು. ಪೋಸ್ಟ್‌ಗ್ರೆಸ್‌ನಲ್ಲಿ ಇಡೀ ಸ್ಕೀಮಾದಲ್ಲೇ (ಟೇಬಲ್‌ಗಳ ಗುಂಪಿನಲ್ಲೇ) ಬೇರೆ ಇರಬೇಕು. ಹತ್ತು ಟೇಬಲ್‌ಗಳಲ್ಲಿ ‘ಐಡಿಎಕ್ಸ್_ಡೇಟ್’ ಅಂತ ಇದ್ದರೆ ಒಂಬತ್ತು ಬೀಳುತ್ತವೆ. ಉದ್ದ ಕಾಲಂನ ಮೊದಲ ನೂರು ಅಕ್ಷರಕ್ಕೆ ಮಾತ್ರ ಇಂಡೆಕ್ಸ್ ಮಾಡುವ ಮೈಎಸ್‌ಕ್ಯೂಎಲ್ ಬರವಣಿಗೆಯೂ ಇಲ್ಲಿ ಇಲ್ಲ.

ನಂಬರ್‌ಗಳ ವಿಷಯಕ್ಕೆ ಬರೋಣ. ‘ಇಂಟ್(11)’ ಅಂತ ಹಳೆಯ ಟೇಬಲ್‌ಗಳಲ್ಲಿ ಎಲ್ಲೆಲ್ಲೂ ಇರುತ್ತದೆ. ಆ 11 ಅಂಕಿಗಳ ಮಿತಿ ಅಂತ ತುಂಬ ಜನ ತಿಳಿದಿದ್ದಾರೆ. ಅದು ಬರೀ ತೋರಿಸುವ ಅಗಲ, ಸುಮ್ನೆ ಬಿಟ್ಟುಬಿಡಬಹುದು. ‘ಅನ್‌ಸೈನ್ಡ್’ ಮಾತ್ರ ಹಾಗಲ್ಲ. ಮೈಎಸ್‌ಕ್ಯೂಎಲ್‌ನ ಅನ್‌ಸೈನ್ಡ್ ಇಂಟ್ 4294967295ರ ತನಕ ಹೋಗುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಅನ್‌ಸೈನ್ಡ್ ಇಲ್ಲ, ಇಂಟಿಜರ್ 2147483647ಕ್ಕೆ ನಿಲ್ಲುತ್ತದೆ. ಆ ಪದವನ್ನು ಅಳಿಸಿ ಇಂಟಿಜರ್ ಅಂತ ಉಳಿಸಿದರೆ ಟೇಬಲ್ ಸಲೀಸಾಗಿ ತಯಾರಾಗುತ್ತದೆ, ಜಾಗ ಮಾತ್ರ ಅರ್ಧಕ್ಕೆ ಇಳಿದಿರುತ್ತದೆ. ಬಿಗ್‌ಇಂಟ್ ಮಾಡುವುದೇ ಸರಿ. ಅನ್‌ಸೈನ್ಡ್ ಬಿಗ್‌ಇಂಟ್ ಪೂರ್ತಿ ಬೇಕಿದ್ದರೆ 20 ಅಂಕಿಯ ನ್ಯೂಮರಿಕ್ ಬೇಕು. ಸದಸ್ಯರ ನಂಬರ್ ಕಾಲಂ ಬದಲಿಸಿದರೆ ಹಾಲಿನ ಟೇಬಲ್‌ನಲ್ಲಿ ಅದನ್ನು ತೋರಿಸುವ ಕಾಲಂ ಕೂಡ ಬದಲಿಸಿ. ಜೊತೆಗೆ, ಅನ್‌ಸೈನ್ಡ್ ಅಂದರೆ ‘ಸೊನ್ನೆಗಿಂತ ಕಡಿಮೆ ಬರಕೂಡದು’ ಅನ್ನುವ ನಿಯಮ ಕೂಡ. ಹೊಸ ಕಡೆ ಅದಕ್ಕೆ ಒಂದು ಚೆಕ್, ಅಂದರೆ ಕಾಲಂನಲ್ಲಿ ಏನು ಇರಬಹುದು ಅನ್ನುವ ನಿಯಮ, ಬರೆಯಬೇಕು.

ಲೀಟರ್, ಫ್ಯಾಟ್, ದರ ಡೆಸಿಮಲ್‌ನಲ್ಲಿದ್ದರೆ ನೆಮ್ಮದಿ. ಡೆಸಿಮಲ್ ಹಾಗೇ ನ್ಯೂಮರಿಕ್ ಆಗುತ್ತದೆ, ಒಂದು ಪೈಸೆ ಆಚೀಚೆ ಆಗುವುದಿಲ್ಲ. ದುಡ್ಡನ್ನು ಅಂದಾಜು ಸಂಖ್ಯೆ ಇಡುವ ಫ್ಲೋಟ್‌ನಲ್ಲಿ ಇಟ್ಟಿದ್ದರೆ ಅದನ್ನು ತಿದ್ದಲು ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ.

‘ಬೆಳಿಗ್ಗೆ’, ‘ಸಂಜೆ’ ಎರಡೇ ಇರಬಹುದಾದ ಕಾಲಂ ಮೈಎಸ್‌ಕ್ಯೂಎಲ್‌ನಲ್ಲಿ ಎನಮ್ ಆಗಿರುತ್ತದೆ. ಪೋಸ್ಟ್‌ಗ್ರೆಸ್‌ನಲ್ಲೂ ಎನಮ್ ಇದೆ, ಆದರೆ ಅದನ್ನು ಮೊದಲು ಬೇರೆ ಟೈಪ್ ಆಗಿ ಸೃಷ್ಟಿಸಬೇಕು. ಇಲ್ಲವೇ ಟೆಕ್ಸ್ಟ್ ಕಾಲಂ ಇಟ್ಟು, ಈ ಎರಡರಲ್ಲಿ ಒಂದೇ ಇರಬೇಕು ಅಂತ ಚೆಕ್ ಹಾಕಬಹುದು. ಚೆಕ್ ಇದ್ದರೆ ಮುಂದೆ ಒಂದು ಆಯ್ಕೆಯನ್ನು ತೆಗೆಯುವುದು ಸುಲಭ. ಪೋಸ್ಟ್‌ಗ್ರೆಸ್ ಎನಮ್‌ಗೆ ಹೊಸದನ್ನು ಸೇರಿಸಬಹುದು, ಇದ್ದದ್ದನ್ನು ತೆಗೆಯಲು ನೇರ ದಾರಿ ಇಲ್ಲ. ಆದರೆ ಒಂದು ಮಾತು ನೆನಪಿರಲಿ: ಎನಮ್ ವಿಂಗಡಣೆ ಆಗುವುದು ಬರೆದ ಕ್ರಮದಲ್ಲಿ. ‘ಹೊಸದು, ನಡೆಯುತ್ತಿದೆ, ಮುಗಿದಿದೆ’ ಅಂತ ಎನಮ್ ಇದ್ದರೆ ಪಟ್ಟಿ ಅದೇ ಕ್ರಮದಲ್ಲಿ ಬರುತ್ತದೆ. ಟೆಕ್ಸ್ಟ್ ಮಾಡಿದ ಕೂಡಲೇ ಅಕ್ಷರ ಕ್ರಮಕ್ಕೆ ತಿರುಗಿ ‘ನಡೆಯುತ್ತಿದೆ, ಮುಗಿದಿದೆ, ಹೊಸದು’ ಆಗುತ್ತದೆ. ಯಾವ ಎರರೂ ಇಲ್ಲ, ಪರದೆ ಮೇಲೆ ಪಟ್ಟಿ ತಲೆಕೆಳಗಾಗಿರುತ್ತದೆ ಅಷ್ಟೇ.

ಆಟೊ ಇನ್‌ಕ್ರಿಮೆಂಟ್ ಜಾಗಕ್ಕೆ ಹಿಂದೆ ‘ಸೀರಿಯಲ್’ ಬಳಸುತ್ತಿದ್ದರು. 2017ರಲ್ಲಿ ಬಂದ ಪೋಸ್ಟ್‌ಗ್ರೆಸ್ 10ರಿಂದ ಮಾನದಂಡದ ಐಡೆಂಟಿಟಿ ಕಾಲಂ ಇದೆ. ಹೊಸದಾಗಿ ಬರೆಯುವವರು ಅದನ್ನೇ ಬಳಸಿ. ‘ಆಲ್‌ವೇಸ್’ ಬದಲು ‘ಬೈ ಡೀಫಾಲ್ಟ್’ ಅಂತ ಬರೆಯಿರಿ, ಹಳೆಯ ನಂಬರ್‌ಗಳನ್ನು ಹಾಗೇ ತುಂಬಲು ಅದು ಬಿಡುತ್ತದೆ.

ಸದ್ದಿಲ್ಲದೆ ಅರ್ಥ ಬದಲಾಗುವ ಕಾಲಂಗಳು

‘ಈಗ ಹಾಲು ಹಾಕುತ್ತಿದ್ದಾರೆ’ ಅನ್ನುವ ಕಾಲಂ ಮೈಎಸ್‌ಕ್ಯೂಎಲ್‌ನಲ್ಲಿ ‘ಟೈನಿಇಂಟ್(1)’ ಆಗಿರುತ್ತದೆ. ಅಲ್ಲಿ ಬೂಲಿಯನ್ (ಹೌದು/ಇಲ್ಲ ಅನ್ನುವ ಟೈಪ್) ಅಂದರೆ ಅದರದ್ದೇ ಇನ್ನೊಂದು ಹೆಸರು. ಪೋಸ್ಟ್‌ಗ್ರೆಸ್‌ನಲ್ಲಿ ನಿಜವಾದ ಬೂಲಿಯನ್ ಇದೆ, ಹಾಗಾಗಿ ಟೂಲ್‌ಗಳು ಅದಕ್ಕೇ ಬದಲಿಸುತ್ತವೆ. ಬದಲಿಸುವ ಮುಂಚೆ ಎರಡು ವಿಷಯ ನೋಡಿ. ಆ ಕಾಲಂನಲ್ಲಿ 0, 1 ಬಿಟ್ಟು 2 ಇದೆಯಾ? ಯಾರೋ ಯಾವಾಗಲೋ ‘ತಾತ್ಕಾಲಿಕವಾಗಿ ನಿಲ್ಲಿಸಿದ್ದಾರೆ’ ಅನ್ನುವುದಕ್ಕೆ 2 ಬಳಸಿರುತ್ತಾರೆ. ಎರಡನೆಯದು, ನಿಮ್ಮ ಪ್ರೋಗ್ರಾಂನಲ್ಲಿ ‘ಆಕ್ಟಿವ್ = 1’ ಅಂತ ಬರೆದಿದೆಯಾ? ಪೋಸ್ಟ್‌ಗ್ರೆಸ್ ಬೂಲಿಯನ್ ಅನ್ನು ಸಂಖ್ಯೆಯ ಜೊತೆ ಹೋಲಿಸಲು ಒಪ್ಪುವುದಿಲ್ಲ. ಪ್ರೋಗ್ರಾಂ ತಿದ್ದಲು ಸಮಯ ಇಲ್ಲದಿದ್ದರೆ ಸದ್ಯಕ್ಕೆ ಸ್ಮಾಲ್‌ಇಂಟ್ ಇಡುವುದರಲ್ಲಿ ತಪ್ಪೇನಿಲ್ಲ.

ಸಮಯದ ಕಾಲಂಗಳಲ್ಲಿ ಇನ್ನೂ ಜಾಸ್ತಿ ಗೊಂದಲ. ಮೈಎಸ್‌ಕ್ಯೂಎಲ್‌ನ ‘ಡೇಟ್‌ಟೈಮ್’ ಬರೆದದ್ದನ್ನು ಹಾಗೇ ಇಡುತ್ತದೆ. ಅದರ ‘ಟೈಮ್‌ಸ್ಟ್ಯಾಂಪ್’ ಒಳಗೆ ಯುಟಿಸಿ (ಜಾಗತಿಕ) ಸಮಯಕ್ಕೆ ಬದಲಿಸಿ ಇಟ್ಟು, ಓದುವಾಗ ನಿಮ್ಮ ಟೈಮ್‌ಝೋನ್‌ಗೆ ತಿರುಗಿಸಿ ಕೊಡುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಬರೀ ‘ಟೈಮ್‌ಸ್ಟ್ಯಾಂಪ್’ ಅಂದರೆ ಝೋನ್ ಇಲ್ಲದ್ದು, ಅಂದರೆ ಮೈಎಸ್‌ಕ್ಯೂಎಲ್‌ನ ಡೇಟ್‌ಟೈಮ್ ಇದ್ದ ಹಾಗೆ. ಹೆಸರು ಒಂದೇ ಇದೆ ಅಂತ ಹಾಗೇ ಬಿಟ್ಟರೆ ಅರ್ಥ ತಪ್ಪುತ್ತದೆ. ಹಳೆಯ ಟೈಮ್‌ಸ್ಟ್ಯಾಂಪ್‌ಗೆ ‘ಟೈಮ್‌ಸ್ಟ್ಯಾಂಪ್ ವಿತ್ ಟೈಮ್‌ಝೋನ್’ ಆಗಬೇಕು. ಇಲ್ಲಿ ತಪ್ಪಿದರೆ ಸರ್ವರ್ ಯುಟಿಸಿಯಲ್ಲಿದ್ದಾಗ ಐದೂವರೆ ಗಂಟೆ ಆಚೀಚೆ ಆಗುತ್ತದೆ. ಬೆಳಿಗ್ಗೆ ಐದಕ್ಕೆ ಹಾಕಿದ ಹಾಲು ಹಿಂದಿನ ದಿನದ ಲೆಕ್ಕಕ್ಕೆ ಹೋಗುತ್ತದೆ.

ಹಳೆಯ ಟೇಬಲ್‌ಗಳಲ್ಲಿ ‘0000-00-00’ ಅನ್ನುವ ದಿನಾಂಕವನ್ನು ಡೀಫಾಲ್ಟ್ ಆಗಿ ಇಟ್ಟಿರುತ್ತಾರೆ, ಜೊತೆಗೆ ‘ನಾಟ್ ನಲ್’ (ಖಾಲಿ ಬಿಡಕೂಡದು) ಅಂತ ಕೂಡ. ಪೋಸ್ಟ್‌ಗ್ರೆಸ್‌ಗೆ ಅಂಥ ದಿನ ಗೊತ್ತಿಲ್ಲ. ಅದರ ನಿಜವಾದ ಅರ್ಥ ‘ಗೊತ್ತಿಲ್ಲ’ ಅಂತ, ಹಾಗಾಗಿ ಕಾಲಂಗೆ ನಲ್ ಬಿಡಬೇಕು.

ಸಾಲು ತಿದ್ದಿದಾಗಲೆಲ್ಲ ಸಮಯವನ್ನು ತಾನೇ ಬದಲಿಸುವ ‘ಆನ್ ಅಪ್‌ಡೇಟ್ ಕರೆಂಟ್ ಟೈಮ್‌ಸ್ಟ್ಯಾಂಪ್’ ಪೋಸ್ಟ್‌ಗ್ರೆಸ್‌ನಲ್ಲಿ ಇಲ್ಲ. ಎರರ್ ಬಂತು ಅಂತ ಆ ಪದಗಳನ್ನು ಅಳಿಸಿ ಮುಂದೆ ಹೋಗುವವರೇ ಜಾಸ್ತಿ. ಆಗ ‘ಕೊನೆಗೆ ತಿದ್ದಿದ್ದು’ ಕಾಲಂ ಮೊದಲ ದಿನದ ಸಮಯದಲ್ಲೇ ನಿಂತುಬಿಡುತ್ತದೆ. ಲೆಕ್ಕ ಯಾವಾಗ ಬದಲಿಸಿದರು ಅಂತ ಜಗಳ ಬಂದಾಗ ಹೇಳಲು ಸಾಕ್ಷಿ ಇರುವುದಿಲ್ಲ. ಅದಕ್ಕೊಂದು ಟ್ರಿಗರ್ ಬರೆಯಲೇಬೇಕು.

ಫೈಲ್‌ನಲ್ಲಿ ಇಲ್ಲವೇ ಇಲ್ಲದ ವಿಷಯಗಳು

ಹಾಲಿನ ಟೇಬಲ್‌ನಿಂದ ಸದಸ್ಯರ ಟೇಬಲ್‌ಗೆ ಫಾರಿನ್ ಕೀ ಇದೆ, ಅಂದರೆ ಇಲ್ಲಿ ಬರೆದ ಸದಸ್ಯರ ನಂಬರ್ ಅಲ್ಲೂ ಇರಲೇಬೇಕು ಅನ್ನುವ ನಿಯಮ. ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿ ಎಂಜಿನ್ ಫಾರಿನ್ ಕೀ ಕಾಲಂಗೆ ಇಂಡೆಕ್ಸ್ ಇಲ್ಲದಿದ್ದರೆ ತಾನೇ ಮಾಡಿಕೊಳ್ಳುತ್ತದೆ. ಪೋಸ್ಟ್‌ಗ್ರೆಸ್ ಮಾಡುವುದಿಲ್ಲ. ನೀವೇ ಕೈಯಾರೆ ಹೊಸ ಫೈಲ್ ಬರೆದಿದ್ದರೆ, ಅಥವಾ ಯಾವುದೋ ಟೂಲ್ ಇಂಡೆಕ್ಸ್‌ಗಳನ್ನು ಬಿಟ್ಟಿದ್ದರೆ, ಆರಂಭದಲ್ಲಿ ಏನೂ ಗೊತ್ತಾಗುವುದಿಲ್ಲ. ಲಕ್ಷಗಟ್ಟಲೆ ಸಾಲು ತುಂಬಿದ ಮೇಲೆ ಒಬ್ಬ ಸದಸ್ಯರ ತಿಂಗಳ ಲೆಕ್ಕ ತೆಗೆಯಲು ಇಡೀ ಟೇಬಲ್ ಓದಬೇಕಾಗುತ್ತದೆ. ಒಬ್ಬ ಸದಸ್ಯರನ್ನು ಅಳಿಸಲು ಹೋದರೂ ಅದೇ ಕಥೆ.

ಇದಕ್ಕಿಂತ ಸೂಕ್ಷ್ಮವಾದದ್ದು ಕೊಲೇಷನ್. ಎರಡು ಪದ ಒಂದೇನಾ, ಯಾವುದು ಮೊದಲು ಅಂತ ತೀರ್ಮಾನಿಸುವ ನಿಯಮ ಅದು. ಮೈಎಸ್‌ಕ್ಯೂಎಲ್‌ನ ಡೀಫಾಲ್ಟ್ ಕೊಲೇಷನ್ ದೊಡ್ಡಕ್ಷರ, ಸಣ್ಣಕ್ಷರ ಭೇದ ಮಾಡುವುದಿಲ್ಲ. ಇಮೇಲ್ ಕಾಲಂಗೆ ಯುನೀಕ್ (ಒಂದೇ ವಿಳಾಸ ಎರಡು ಸಲ ಬರಕೂಡದು) ಹಾಕಿದ್ದರೆ, ಅದೇ ವಿಳಾಸವನ್ನು ದೊಡ್ಡಕ್ಷರದಲ್ಲಿ ಬರೆದವರನ್ನೂ ಅದು ತಡೆಯುತ್ತಿತ್ತು. ಪೋಸ್ಟ್‌ಗ್ರೆಸ್‌ನಲ್ಲಿ ಯುನೀಕ್ ಇದೆ, ಹೆಸರು ಅದೇ, ಕೆಲಸ ಬೇರೆ. ಒಬ್ಬರೇ ಎರಡು ಸಲ ಸೇರಬಹುದು. ಲಾಗಿನ್ ಮಾಡುವಾಗ ಮೊದಲ ಅಕ್ಷರ ದೊಡ್ಡದಾಗಿ ಟೈಪ್ ಆದರೆ ‘ಇಂಥವರು ಇಲ್ಲ’ ಅನ್ನುತ್ತದೆ. ಇದಕ್ಕೆ ಸಣ್ಣಕ್ಷರಕ್ಕೆ ಇಳಿಸಿದ ರೂಪದ ಮೇಲೆ ಯುನೀಕ್ ಇಂಡೆಕ್ಸ್ ಮಾಡಬಹುದು, ಅಥವಾ ‘ಸಿಟೆಕ್ಸ್ಟ್’ ಎಕ್ಸ್‌ಟೆನ್ಷನ್ ಬಳಸಬಹುದು. ಮೈಎಸ್‌ಕ್ಯೂಎಲ್‌ನ ಹಳೆಯ ಕೊಲೇಷನ್‌ಗಳು ಪದದ ಕೊನೆಯ ಖಾಲಿ ಜಾಗವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಪೋಸ್ಟ್‌ಗ್ರೆಸ್ ತೆಗೆದುಕೊಳ್ಳುತ್ತದೆ.

ಚೆಕ್ ನಿಯಮಗಳದ್ದು ಇನ್ನೊಂದು ರೀತಿ. 8.0.16ಕ್ಕಿಂತ ಹಳೆಯ ಮೈಎಸ್‌ಕ್ಯೂಎಲ್ ಚೆಕ್ ಬರೆದರೆ ಒಪ್ಪಿಕೊಂಡಂತೆ ಮಾಡಿ ಬಿಸಾಕುತ್ತಿತ್ತು. ‘ಫ್ಯಾಟ್ 15 ದಾಟಬಾರದು’ ಅಂತ ಮೊದಲು ಬರೆದವರು ನಿಯಮ ಇದೆ ಅಂತಲೇ ನಂಬಿರುತ್ತಾರೆ. ಡಂಪ್‌ನಲ್ಲಿ ಅದರ ಸುಳಿವೂ ಇರುವುದಿಲ್ಲ. ಮೂಲ ಡಿಸೈನ್ ಕಡತ ಎಲ್ಲಾದರೂ ಇದ್ದರೆ ಹುಡುಕಿ ತೆಗೆಯಿರಿ.

ಕನ್ನಡ ತುಂಬಿದ ಟೇಬಲ್‌ಗಳು

ಸದಸ್ಯರ ಹೆಸರು ಕನ್ನಡದಲ್ಲಿದ್ದರೆ ಇನ್ನೊಂದು ಲೆಕ್ಕ ಹಾಕಬೇಕು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಯುನಿಕೋಡ್ ಸಂಕೇತಕ್ಕೆ 3 ಬೈಟ್ ಬೇಕು. ನಾವು ಒಂದು ಅಕ್ಷರ ಅಂತ ಓದುವುದು ಅನೇಕ ಸಲ ಎರಡು ಮೂರು ಸಂಕೇತ ಸೇರಿ ಆಗಿರುತ್ತದೆ. ‘ಬೆಂಗಳೂರು’ ಕಣ್ಣಿಗೆ ನಾಲ್ಕು ಅಕ್ಷರ, ಡೇಟಾಬೇಸ್‌ಗೆ 8 ಸಂಕೇತ, ಡಿಸ್ಕ್ ಮೇಲೆ 24 ಬೈಟ್. ‘ಚಿಕ್ಕಮಗಳೂರು’ 33 ಬೈಟ್.

ಮೈಎಸ್‌ಕ್ಯೂಎಲ್ ಮತ್ತು ಪೋಸ್ಟ್‌ಗ್ರೆಸ್ ಎರಡರಲ್ಲೂ ‘ವಾರ್‌ಚಾರ್(30)’ ಅಂದರೆ 30 ಸಂಕೇತ. ಇಲ್ಲಿ ತೊಂದರೆ ಇಲ್ಲ. ಒರಾಕಲ್‌ಗೆ ಒಯ್ದರೆ ‘ವಾರ್‌ಚಾರ್2(30)’ ಡೀಫಾಲ್ಟ್ ಆಗಿ 30 ಬೈಟ್. ಇಂಗ್ಲಿಷ್ ಹೆಸರುಗಳು ಆರಾಮಾಗಿ ಕೂರುತ್ತವೆ, ಚಿಕ್ಕಮಗಳೂರು ಹಿಡಿಸುವುದಿಲ್ಲ. ಅಲ್ಲಿ ‘30 ಚಾರ್’ ಅಂತ ಬಿಡಿಸಿ ಬರೆಯಬೇಕು. ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಇನ್ನೂ ಕಷ್ಟ: ಯುಟಿಎಫ್-8 ಕೊಲೇಷನ್ ಇಲ್ಲದ ‘ವಾರ್‌ಚಾರ್’ ಕಾಲಂಗೆ ಕನ್ನಡ ಹಾಕಿದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಉಳಿಯುತ್ತದೆ, ಮೂಲ ಪದ ವಾಪಸ್ ಬರುವುದಿಲ್ಲ. ಅಲ್ಲಿ ‘ಎನ್‌ವಾರ್‌ಚಾರ್’ ಬೇಕು. ಇಂಗ್ಲಿಷ್ ಹೆಸರು ಹಾಕಿ ಪರೀಕ್ಷೆ ಮಾಡುವವರಿಗೆ ಇವೆರಡೂ ಯಾವತ್ತೂ ಕಾಣುವುದಿಲ್ಲ. ಪರೀಕ್ಷೆಗೆ ಕನ್ನಡದ ಉದ್ದ ಹೆಸರುಗಳನ್ನೇ ಬಳಸಿ.

ಹಳೆಯ ಕನ್ನಡ ವೆಬ್‌ಸೈಟ್‌ಗಳ ಡೇಟಾಬೇಸ್ ಆದರೆ ಟೇಬಲ್ ರಚನೆಯ ಮಾತನ್ನು ನಂಬಬೇಡಿ. ಕಾಲಂ ‘ಲ್ಯಾಟಿನ್1’ ಅಂತ ಹೇಳುತ್ತಿರುತ್ತದೆ, ಒಳಗೆ ಯುಟಿಎಫ್-8 ಬೈಟ್‌ಗಳು ತುಂಬಿರುತ್ತವೆ. ಹಳೆಯ ಪ್ರೋಗ್ರಾಂ ಅದೇ ತಪ್ಪು ದಾರಿಯಲ್ಲಿ ಹಾಕಿ, ಅದೇ ದಾರಿಯಲ್ಲಿ ತೆಗೆಯುತ್ತಿದ್ದ ಕಾರಣ ಕನ್ನಡ ಸರಿಯಾಗೇ ಕಾಣುತ್ತಿತ್ತು. ಹೊಸ ಡೇಟಾಬೇಸ್ ರಚನೆಯ ಮಾತನ್ನು ನಂಬಿ ‘ಸರಿಯಾಗಿ’ ಬದಲಿಸಿದಾಗ ಕನ್ನಡದ ಜಾಗದಲ್ಲಿ ಯುರೋಪಿನ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಒಯ್ಯುವ ಮುಂಚೆ ಮೈಎಸ್‌ಕ್ಯೂಎಲ್‌ನಲ್ಲೇ, ಒಂದು ಪ್ರತಿಯ ಮೇಲೆ, ಆ ಕಾಲಂ ಅನ್ನು ಮೊದಲು ಬೈನರಿ ಟೈಪ್‌ಗೆ ಬದಲಿಸಿ, ಆಮೇಲೆ ‘ಯುಟಿಎಫ್8ಎಂಬಿ4’ಕ್ಕೆ ತಿರುಗಿಸಿ. ಬೈನರಿ ಮಾಡಿದಾಗ ಬೈಟ್‌ಗಳು ಕದಲುವುದಿಲ್ಲ, ಅವುಗಳ ಹಣೆಪಟ್ಟಿ ಮಾತ್ರ ಬದಲಾಗುತ್ತದೆ.

ಟೂಲ್‌ಗಳು, ಮತ್ತು ಕೊನೆಯ ಪರೀಕ್ಷೆ

ಇಷ್ಟನ್ನೂ ಕೈಯಲ್ಲೇ ಮಾಡಬೇಕಾಗಿಲ್ಲ. ಮೈಎಸ್‌ಕ್ಯೂಎಲ್‌ನಿಂದ ಪೋಸ್ಟ್‌ಗ್ರೆಸ್‌ಗೆ ‘ಪಿಜಿಲೋಡರ್’ ಒಳ್ಳೆಯ ಟೂಲ್. ಹೆಸರುಗಳನ್ನು ಸಣ್ಣಕ್ಷರಕ್ಕೆ ಇಳಿಸುತ್ತದೆ, ಇಂಡೆಕ್ಸ್ ಹೆಸರು ಡಿಕ್ಕಿಯಾಗದ ಹಾಗೆ ನೋಡಿಕೊಳ್ಳುತ್ತದೆ, ಸೊನ್ನೆ ದಿನಾಂಕವನ್ನು ನಲ್ ಮಾಡುತ್ತದೆ. ‘ಸ್ಕೀಮಾ ಓನ್ಲಿ’ ಅಂದರೆ ರಚನೆ ಮಾತ್ರ ಒಯ್ಯುತ್ತದೆ. ಒರಾಕಲ್‌ನಿಂದ ಬರುವವರಿಗೆ ‘ಓರಾ2ಪಿಜಿ’ ಇದೆ. ಈಗ ಎಐ ಚಾಟ್‌ಬಾಟ್‌ಗೆ ಫೈಲ್ ಕೊಟ್ಟು ಬದಲಿಸಿ ಕೊಡು ಅನ್ನುವವರೂ ಇದ್ದಾರೆ. ಬರೆದಿರುವುದನ್ನು ಅದು ಚೆನ್ನಾಗಿ ಬದಲಿಸಬಹುದು. ಆದರೆ ಟೈನಿಇಂಟ್ ಕಾಲಂನಲ್ಲಿ 2 ಇದೆಯಾ, ಲ್ಯಾಟಿನ್1 ಕಾಲಂ ಒಳಗೆ ಏನಿದೆ ಅನ್ನುವುದು ಫೈಲ್‌ನಲ್ಲೇ ಇಲ್ಲ. ಡೇಟಾ ತೆರೆದು ನೋಡುವ ಕೆಲಸ ನಿಮ್ಮದೇ.

ಬದಲಿಸಿದ ಫೈಲನ್ನು ಪರೀಕ್ಷಿಸಲು ಪೋಸ್ಟ್‌ಗ್ರೆಸ್‌ನಲ್ಲಿ ಒಂದು ದೊಡ್ಡ ಅನುಕೂಲ ಇದೆ. ಮೈಎಸ್‌ಕ್ಯೂಎಲ್‌ನಲ್ಲಿ ಟೇಬಲ್ ಸೃಷ್ಟಿಸಿದ ಕೂಡಲೇ ಅದು ಕಾಯಂ. ಪೋಸ್ಟ್‌ಗ್ರೆಸ್‌ನಲ್ಲಿ ಟೇಬಲ್ ಸೃಷ್ಟಿಯೂ ಟ್ರಾನ್ಸಾಕ್ಷನ್ (ಎಲ್ಲ ಪೂರ್ತಿ ಆಗಬೇಕು, ಇಲ್ಲವೇ ಏನೂ ಆಗಬಾರದು ಅನ್ನುವ ಕಟ್ಟು) ಒಳಗೆ ಬರುತ್ತದೆ. ಪೋಸ್ಟ್‌ಗ್ರೆಸ್‌ನ ಕಮಾಂಡ್ ಟೂಲ್ ‘ಪಿಎಸ್‌ಕ್ಯೂಎಲ್’ಗೆ ‘ಸಿಂಗಲ್-ಟ್ರಾನ್ಸಾಕ್ಷನ್’ ಆಯ್ಕೆ ಕೊಟ್ಟು, ಎರರ್ ಬಂದರೆ ನಿಲ್ಲು ಅಂತ ಹೇಳಿ ಓಡಿಸಿ. ಐವತ್ತನೇ ಟೇಬಲ್‌ನಲ್ಲಿ ತಪ್ಪಿದರೆ ಹಿಂದಿನ ನಲವತ್ತೊಂಬತ್ತೂ ಮಾಯ, ಡೇಟಾಬೇಸ್ ಮತ್ತೆ ಚೊಕ್ಕ. ತಿದ್ದಿ ಮತ್ತೆ ಓಡಿಸಬಹುದು.

ಎಲ್ಲ ತಯಾರಾದ ಮೇಲೆ ಎರಡೂ ಕಡೆ ‘ಇನ್‌ಫರ್ಮೇಷನ್ ಸ್ಕೀಮಾ’ದಿಂದ ಟೇಬಲ್, ಕಾಲಂ, ನಲ್ ಬಿಡುತ್ತದೋ ಇಲ್ಲವೋ ಅನ್ನುವ ಪಟ್ಟಿ ತೆಗೆದು ಪಕ್ಕ ಪಕ್ಕ ಇಟ್ಟು ನೋಡಿ. ಇಂಡೆಕ್ಸ್‌ಗಳ ಪಟ್ಟಿಯನ್ನು ಬೇರೆಯಾಗಿ ತೆಗೆಯಬೇಕು, ಪೋಸ್ಟ್‌ಗ್ರೆಸ್‌ನಲ್ಲಿ ಅದು ‘ಪಿಜಿ_ಇಂಡೆಕ್ಸಸ್’ನಲ್ಲಿ ಸಿಗುತ್ತದೆ. ಮುಂದೆ ಡೇಟಾ ತುಂಬುವುದಿದ್ದರೆ ಫಾರಿನ್ ಕೀ ಮತ್ತು ಇಂಡೆಕ್ಸ್ ಭಾಗವನ್ನು ಬೇರೆ ಫೈಲ್ ಮಾಡಿ: ಮೊದಲು ಬರೀ ಟೇಬಲ್, ನಂತರ ಡೇಟಾ, ಕೊನೆಗೆ ಇವು. ಸದಸ್ಯರಿಗಿಂತ ಮೊದಲು ಹಾಲು ಬಂತು ಅನ್ನುವ ಎರರ್ ತಪ್ಪುತ್ತದೆ, ತುಂಬುವುದೂ ಬೇಗ ಆಗುತ್ತದೆ. ತುಂಬಿದ ಮೇಲೆ ಐಡೆಂಟಿಟಿ ಕಾಲಂನ ಸೀಕ್ವೆನ್ಸ್ (ಮುಂದಿನ ನಂಬರ್ ಕೊಡುವ ಎಣಿಕೆ) ಇನ್ನೂ 1ರಲ್ಲೇ ನಿಂತಿರುತ್ತದೆ. ‘ಸೆಟ್‌ವಲ್’ ಬಳಸಿ ಅದನ್ನು ಈಗಿರುವ ದೊಡ್ಡ ನಂಬರ್‌ಗೆ ಏರಿಸಿ, ಆಮೇಲೆ ಒಬ್ಬ ಹೊಸ ಸದಸ್ಯರನ್ನು ಸೇರಿಸಿ ನೋಡಿ.